ಎಲ್ಲರಿಗೂ ಆಟ ಸಿಗಬೇಕು: ಗಡಿ ಹಳ್ಳಿಗಳಲ್ಲಿ ಕಬಡ್ಡಿ ನಡೆಸುವ ಬಗೆ

ಮಕ್ತಲ್: ಕಬಡ್ಡಿಗೆ ಹೆಚ್ಚು ಖರ್ಚಿಲ್ಲ. ಒಂದು ಬಯಲು, ಗೆರೆ ಹಾಕಲು ಒಂದಿಷ್ಟು ಸುಣ್ಣ, 14 ಜನ ಇದ್ದರೆ ಸಾಕು. ನಾವು ಕಬಡ್ಡಿ ಎಂದರೂ ತೆಲುಗಿನ ಹಿರಿಯರು ಚೆಡುಗುಡು ಎಂದರೂ ಆಟ ಒಂದೇ. ಹೀಗಾಗಿ ನಾರಾಯಣಪೇಟ, ಮಕ್ತಲ್, ಗದ್ವಾಲ ಸುತ್ತಿನ ಯುವಕ ಸಂಘಗಳಿಗೆ ಇದು ಹೇಳಿ ಮಾಡಿಸಿದ ಆಟ. ಆದರೆ ಸಂಘ ಶುರುವಾದಾಗ ಉತ್ಸಾಹದಿಂದ ಬಂದವರಲ್ಲಿ ಅರ್ಧ ಜನ ಕೆಲವೇ ದಿನಗಳಲ್ಲಿ ಮೈದಾನ ಬಿಡುವುದುಂಟು. ಅವರೇನೂ ಸೋಮಾರಿಗಳಲ್ಲ. ಅವರಿಗೆ ಆಟವೇ ಸಿಕ್ಕಿರುವುದಿಲ್ಲ.

ಇದಕ್ಕೆ ಕಾರಣ ನಿಯಮದಲ್ಲೇ ಇದೆ. ನಾವು ಟಿವಿಯಲ್ಲಿ ನೋಡುವ ಕಬಡ್ಡಿಯಲ್ಲಿ ಔಟಾದವನು ಹೊರಗೆ ಹೋಗಬೇಕು. ತನ್ನ ತಂಡ ಎದುರಾಳಿಯನ್ನು ಔಟ್ ಮಾಡಿದಾಗ ಸರದಿಯಂತೆ ಒಳಗೆ ಬರಬೇಕು. ಈ ಪದ್ಧತಿಗೆ ಸಂಜೀವಿನಿ ಎಂದು ಹೆಸರು. ನುರಿತ ರೈಡರ್ ಮೊದಲು ಮುಟ್ಟುವುದು ಹೊಸಬನನ್ನೇ. ಹೆಚ್ಚು ಕಲಿಯಬೇಕಾದವನೇ ಹೆಚ್ಚು ಹೊತ್ತು ಹೊರಗೆ ಕೂರುತ್ತಾನೆ.

ಅಮರ್ ಪದ್ಧತಿ

ನಮ್ಮ ದೇಶದ ಹಳೆಯ ಕಬಡ್ಡಿಯಲ್ಲಿ ಇದಕ್ಕೆ ಪರಿಹಾರವಿದೆ. ಸಂಜೀವಿನಿ, ಗಾಮಿನಿ, ಅಮರ್ ಎಂಬ ಮೂರು ಬಗೆಗಳಲ್ಲಿ ಅಮರ್ ಆಟದಲ್ಲಿ ಯಾರೂ ಹೊರಗೆ ಹೋಗುವುದಿಲ್ಲ. ಒಬ್ಬ ಔಟಾದರೆ ಎದುರು ತಂಡಕ್ಕೆ ಒಂದು ಅಂಕ, ಅಷ್ಟೇ. ಔಟಾದವನು ಅಂಕಣದಲ್ಲೇ ಉಳಿಯುತ್ತಾನೆ. ನಿಗದಿತ ಸಮಯ ಮುಗಿದಾಗ ಅಂಕ ಹೆಚ್ಚಿದ್ದವರು ಗೆಲ್ಲುತ್ತಾರೆ. ಸಂಜೆಯ ಅಭ್ಯಾಸಕ್ಕೆ, ಹೊಸಬರೂ ಹಳಬರೂ ಕೂಡಿ ಆಡುವಾಗ ಇದೇ ಉತ್ತಮ.

ಇದರ ಜೊತೆಗೆ ಇನ್ನೊಂದು ಕಟ್ಟಳೆ ಇರಲಿ. ತಂಡದ ಏಳೂ ಜನ ಒಮ್ಮೆ ರೈಡ್ ಮಾಡುವ ತನಕ ಯಾರೂ ಎರಡನೇ ಸಲ ಹೋಗಬಾರದು. ಇಲ್ಲದಿದ್ದರೆ ಒಬ್ಬನೇ ಆಡುತ್ತಾನೆ, ಆರು ಜನ ನೋಡುತ್ತಾರೆ. ಹಿಡಿಯಲು ಕೈ ಕೈ ಹಿಡಿದು ಸರಪಳಿ ಮಾಡುವಾಗ ಹೊಸಬನ ಪಕ್ಕ ಅನುಭವಿಯೇ ನಿಲ್ಲಲಿ.

ತಂಡ ಹಂಚುವ ಲೆಕ್ಕ

ಇಬ್ಬರು ನಾಯಕರು ಒಬ್ಬರಾದ ಮೇಲೆ ಒಬ್ಬರಂತೆ ಆರಿಸಿಕೊಂಡರೆ ಸಮ ಹಂಚಿಕೆ ಆಗುವುದಿಲ್ಲ. 14 ಆಟಗಾರರಿಗೆ ಸಾಮರ್ಥ್ಯದ ಪ್ರಕಾರ 1ರಿಂದ 14ರ ವರೆಗೆ ಸಂಖ್ಯೆ ಕೊಡಿ. ಮೊದಲನೆಯ ತಂಡ 1, 3, 5 ಎಂದು, ಎರಡನೆಯದು 2, 4, 6 ಎಂದು ತೆಗೆದುಕೊಂಡರೆ ಸಂಖ್ಯೆಗಳ ಮೊತ್ತ 49 ಮತ್ತು 56. ಪ್ರತಿ ಸುತ್ತಿನಲ್ಲೂ ಒಬ್ಬನೇ ನಾಯಕನಿಗೆ ಮೊದಲ ಆಯ್ಕೆ.

ಬದಲಿಗೆ ಹಾವಿನ ಹಾದಿಯಲ್ಲಿ ಹಂಚಿ. ಒಬ್ಬ ನಾಯಕ 1 ತೆಗೆದುಕೊಂಡರೆ ಇನ್ನೊಬ್ಬ 2 ಮತ್ತು 3 ತೆಗೆದುಕೊಳ್ಳಲಿ. ಮೊದಲಿನವನಿಗೆ 4 ಮತ್ತು 5, ಹೀಗೆ ಮುಂದುವರಿಯಲಿ. ಆಗ ಮೊತ್ತ 52 ಮತ್ತು 53. ಈ ಪಟ್ಟಿಯನ್ನು ಹಿರಿಯರೊಬ್ಬರು ತಮ್ಮಲ್ಲೇ ಇಟ್ಟುಕೊಳ್ಳಲಿ. ಹುಡುಗನ ಎದುರು ‘ನೀನು ಹದಿನಾಲ್ಕನೆಯವನು’ ಎಂದರೆ ನಾಳೆ ಅವನು ಬರುವುದಿಲ್ಲ. ಅರ್ಧ ಆಟಕ್ಕೆ ಅಂತರ ಹತ್ತು ಅಂಕ ದಾಟಿದರೆ ಒಬ್ಬೊಬ್ಬ ಆಟಗಾರನನ್ನು ಅದಲು ಬದಲು ಮಾಡಿ.

ಬಹುಮಾನದ ಪಂದ್ಯ

ಹಬ್ಬ, ಜಾತ್ರೆಗಳಲ್ಲಿ ಬಹುಮಾನ ಇಟ್ಟು ಆಡಿಸುವಾಗ ಮಾತ್ರ ಇಂಥ ರಿಯಾಯಿತಿ ಬೇಡ. ಅಲ್ಲಿ ಅಧಿಕೃತ ನಿಯಮವೇ ಇರಲಿ. ಕಬಡ್ಡಿಯಲ್ಲಿ ತೂಕದ ಮಿತಿ ಇರುವುದೇ ಬಲದ ಅಂತರ ತಗ್ಗಿಸಲು. ಹತ್ತಿ ತೂಗುವ ಕಾಟಾ ಇದ್ದರೂ ಸಾಕು, ಎಲ್ಲರ ಎದುರು ತೂಕ ನೋಡಿ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರಿಗೆ 12 ಮತ್ತು 8. ಹುಡುಗಿಯರಿಗೂ ಪ್ರತ್ಯೇಕ ಪಂದ್ಯ ಇಡಿ.

ನಾಲ್ಕು ತಂಡ ಬಂದಿದ್ದರೆ ನಾಕೌಟ್ ಬೇಡ. ಅದರಲ್ಲಿ ಎರಡು ತಂಡ ಒಂದೇ ಪಂದ್ಯ ಆಡಿ ಊರಿಗೆ ಮರಳಬೇಕು. ಲೀಗ್ ಇಟ್ಟರೆ ಒಟ್ಟು ಆರು ಪಂದ್ಯ, ಪ್ರತಿ ತಂಡಕ್ಕೂ ಮೂರು. 10 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ಬಿಡುವು ಎಂದರೂ ಎರಡೂವರೆ ತಾಸಿನ ಆಟ.

ನಮ್ಮಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ‘ಹೊರಗಿನ ಆಟಗಾರ’ನ ವಿಷಯಕ್ಕೆ. 1956ರಲ್ಲಿ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಿಂದ ಬೇರೆಯಾದವು. ನೆಂಟಸ್ತನ ಬೇರೆಯಾಗಲಿಲ್ಲ. ರಾಯಚೂರು ಕಡೆಯ ಹುಡುಗ ಸೋದರಮಾವನ ಊರಿಗೆ ಬಂದು ಆಡಿದರೆ ಅವನು ಊರಿನವನೇ, ಹೊರಗಿನವನೇ? ಯಾವ ಉತ್ತರವಾದರೂ ಸರಿ, ಅದು ಪಂದ್ಯಕ್ಕೆ ಮೊದಲೇ ತೀರ್ಮಾನವಾಗಿರಬೇಕು. ತಂಡಕ್ಕೆ ಇಷ್ಟೇ ಜನ ಹೊರಗಿನವರು ಎಂದು ಗೊತ್ತು ಮಾಡಿ, ಹೆಸರಿನ ಪಟ್ಟಿಯನ್ನು ಹಿಂದಿನ ದಿನವೇ ಪಡೆಯಿರಿ.

ಅಂಪೈರ್ ಆಡುವ ಎರಡೂ ಊರಿನವರಾಗಿರಬಾರದು. ನಿಯಮಗಳನ್ನು ಆಟಕ್ಕೆ ಮುನ್ನ ಕನ್ನಡ, ತೆಲುಗು ಎರಡರಲ್ಲೂ ಮೈಕಿನಲ್ಲಿ ಓದಿ ಹೇಳಿ. ಅಂಕವನ್ನೂ ಎರಡು ಭಾಷೆಯಲ್ಲಿ ಕೂಗಿ. ತನಗೆ ಅರ್ಥವಾಗದ ಮಾತಿನಲ್ಲಿ ಬಂದ ತೀರ್ಪು ಸರಿಯಿದ್ದರೂ ಮೋಸದಂತೆ ಕಾಣುತ್ತದೆ.

ಸೋಲು ಗೆಲುವು ಇದ್ದದ್ದೇ. ಸೋತವರು ‘ಮುಂದಿನ ಆಟ ಯಾವಾಗ?’ ಎಂದು ಕೇಳಿಕೊಂಡು ಹೋದರೆ ಸಂಘ ಚೆನ್ನಾಗಿ ನಡೆಯುತ್ತಿದೆ ಎಂದೇ ಅರ್ಥ.