ಪ್ಲಾಸ್ಮಾದ ಅಂಚು ಮತ್ತು ಅದರ ನಿಗ್ರಹ

ಸೂರ್ಯನ ಒಡಲಲ್ಲಿ ನಡೆಯುವ ಬೀಜಸಂಲಯನವನ್ನು ಭೂಮಿಯ ಮೇಲೆ ಸಾಧಿಸಬೇಕಾದರೆ ಜಲಜನಕದ ಭಾರರೂಪಗಳನ್ನು ಸುಮಾರು 15 ಕೋಟಿ ಡಿಗ್ರಿಗಳವರೆಗೆ ಕಾಯಿಸಬೇಕು. ಆ ಬಿಸಿಯನ್ನು ತಾಳುವ ಪಾತ್ರೆಯಿಲ್ಲ. ಆದುದರಿಂದ ಬಳೆಯಾಕಾರದ ಟೋಕಮಾಕ್ ಯಂತ್ರದಲ್ಲಿ ಅಯಸ್ಕಾಂತ ಕ್ಷೇತ್ರವೇ ಪ್ಲಾಸ್ಮಾವನ್ನು ಹಿಡಿದಿಡುತ್ತದೆ.

1982ರಲ್ಲಿ ಜರ್ಮನಿಯ ಗಾರ್ಚಿಂಗಿನ ಆಸ್ಡೆಕ್ಸ್ ಯಂತ್ರದಲ್ಲಿ ಫ್ರಿಟ್ಸ್ ವ್ಯಾಗ್ನರ್ ಅವರು ಅನಿರೀಕ್ಷಿತವಾದುದೊಂದನ್ನು ಕಂಡರು. ಕಾಯಿಸುವ ಶಕ್ತಿ ಒಂದು ಮಿತಿಯನ್ನು ದಾಟಿದೊಡನೆ ಪ್ಲಾಸ್ಮಾದ ಅಂಚಿನಲ್ಲಿ ತಾನಾಗಿಯೇ ಒಂದು ತಡೆಯೇರ್ಪಟ್ಟು, ಶಾಖವು ಒಳಗೆ ನಿಲ್ಲುವ ಕಾಲ ಸುಮಾರು ಇಮ್ಮಡಿಯಾಯಿತು. ಆದರೆ ಈ ಲಾಭಕ್ಕೆ ಬಡ್ಡಿಯನ್ನೂ ತೆರಬೇಕಾಯಿತು. ಅಂಚಿನಲ್ಲಿ ಒತ್ತಡ ಕಡಿದಾಗಿ ಏರಿ, ಅದರಿಂದ ಹುಟ್ಟಿದ ವಿದ್ಯುತ್ ಪ್ರವಾಹವೂ ಬೆಳೆದು, ಕಡೆಗೆ ಅಂಚೇ ಸಿಡಿದು ಮಿಲಿಸೆಕೆಂಡಿಗೂ ಕಡಿಮೆ ಕಾಲದಲ್ಲಿ ಶಾಖವನ್ನು ಗೋಡೆಗೆ ಎರಚುತ್ತದೆ. ಒತ್ತಡ ಮತ್ತೆ ಕೂಡುತ್ತದೆ; ಅಂಚು ಮತ್ತೆ ಸಿಡಿಯುತ್ತದೆ. ಚಿಕ್ಕ ಯಂತ್ರಗಳು ಇದನ್ನು ತಾಳಿಕೊಂಡವು. ಭಾರತವೂ ಪಾಲುದಾರನಾಗಿ ಫ್ರಾನ್ಸಿನ ಕಾಡರಾಶ್‌ನಲ್ಲಿ ಕಟ್ಟಲಾಗುತ್ತಿರುವ ಈಟರ್ ಯಂತ್ರದಲ್ಲಾದರೋ ಇಂತಹ ದೊಡ್ಡ ಸಿಡಿತಗಳು 3,400 ಡಿಗ್ರಿ ಮೀರಿ ಕರಗುವ ಟಂಗ್‌ಸ್ಟನ್ನಿನ ಮೇಲ್ಮೈಯನ್ನೂ ಕರಗಿಸಬಲ್ಲವು.

ನಮ್ಮ ಹಿರಿಯರು ಕೆರೆಯ ಏರಿಯನ್ನು ಎಷ್ಟೇ ಭದ್ರಪಡಿಸಿದರೂ ಕೋಡಿಯನ್ನು ಬಿಡುತ್ತಿದ್ದರಷ್ಟೆ. ಇಲ್ಲಿಯ ಉಪಾಯವೂ ಆ ಜಾತಿಯದೇ. ಅಮೆರಿಕದ ಸ್ಯಾನ್ ಡೀಗೊದ ಡಿ-ತ್ರೀ-ಡಿ ಯಂತ್ರದಲ್ಲಿ ಟಾಡ್ ಇವಾನ್ಸ್ ಮತ್ತು ಸಂಗಡಿಗರು ಹೆಚ್ಚುವರಿ ಸುರುಳಿಗಳಿಂದ, ಮುಖ್ಯ ಕ್ಷೇತ್ರದ ಸಾವಿರದಲ್ಲೊಂದು ಪಾಲಿಗೂ ಕಡಿಮೆಯಾದ ಕ್ಷೇತ್ರವನ್ನು ಹೇರಿ, ಅಂಚಿನ ಸಮತೆಯನ್ನು ಬೇಕೆಂದೇ ಕೆಡಿಸಿದರು. ದೊಡ್ಡ ಸಿಡಿತಗಳು ಅಡಗಿದುವೆಂದು 2004ರಲ್ಲಿ ಪ್ರಕಟಿಸಿದರು. ಇಷ್ಟು ಅಲ್ಪವಾದ ಕ್ಷೇತ್ರ ಇಷ್ಟು ಮಾಡುವುದೆಂತು? ಜೋಕಾಲಿಯನ್ನು ಅದರ ಲಯವರಿತು ನೂಕಿದರೆ ಬೆರಳೇ ಸಾಕು. ಅಂತೆಯೇ ಸುರುಳಿಗಳ ವಿನ್ಯಾಸವು ಅಯಸ್ಕಾಂತ ರೇಖೆಗಳ ತಿರುಚಿಗೆ ಹೊಂದಬೇಕು. ಹೊಂದಿದೆಡೆಯಲ್ಲಿ ರೇಖೆಗಳು ಮುರಿದು ಪುಟ್ಟ ದ್ವೀಪಗಳಂತೆ ಸುತ್ತಿಕೊಳ್ಳುತ್ತವೆ, ಒತ್ತಡ ಮಿತಿಯೊಳಗೆ ನಿಲ್ಲುತ್ತದೆ.

ರೇಖೆಗಳು ಗೋಜಲಾಗಿ ಶಾಖವೇ ಸೋರಿಹೋಗುವುದೆಂದು ಮೊದಲು ಎಣಿಸಿದ್ದರು. ಅಳೆದು ನೋಡಿದರೆ ಸೋರಿದುದು ಬಹುಮಟ್ಟಿಗೆ ಕಣಗಳು. ಸಾಂದ್ರತೆ ಇಳಿಯಿತು, ಉಷ್ಣತೆಯಲ್ಲಿ ಅಂತಹ ಇಳಿತವಿಲ್ಲ. ಇದರ ವಿವರಣೆಯಲ್ಲಿ ಇಂದಿಗೂ ಒಮ್ಮತವಿಲ್ಲ. ಪ್ರಯೋಗವು ಸಿದ್ಧಾಂತಕ್ಕಿಂತ ಮುಂದೆ ನಡೆದ ಇಂತಹ ಸಂದರ್ಭಗಳೇ ನನಗೆ ಹೆಚ್ಚು ಆಸಕ್ತಿಕರವೆನಿಸುತ್ತವೆ.

ಕೋಡಿಯಿಂದ ನೀರು ನಷ್ಟವಾಗುವಂತೆ ಇಲ್ಲಿಯೂ ನಷ್ಟವುಂಟು. ಸಂಲಯನದ ವೇಗ ಸಾಂದ್ರತೆಯ ವರ್ಗಕ್ಕೆ ಅನುಗುಣವಾದುದರಿಂದ ಸಾಂದ್ರತೆ ಇಳಿದಷ್ಟೂ ಶಕ್ತಿ ತಗ್ಗುತ್ತದೆ. ಹೇರಿದ ಕ್ಷೇತ್ರ ಅಂಚನ್ನು ದಾಟಿ ಒಳಹೊಕ್ಕರೆ ಪ್ಲಾಸ್ಮಾದ ಸುತ್ತುವಿಕೆ ನಿಂತು ಎಲ್ಲವೂ ಒಮ್ಮೆಲೇ ಕುಸಿಯಬಹುದು. ಕ್ಷೇಮದ ಹಾದಿ ಕಿರಿದು. ದಕ್ಷಿಣ ಕೊರಿಯದ ಕೆಸ್ಟಾರ್ ಯಂತ್ರವು 2011ರಲ್ಲಿ ಆ ಹಾದಿಯಲ್ಲಿ ನಡೆದು ಸಿಡಿತಗಳನ್ನು ಅಡಗಿಸಿತು. ಈಟರಿಗಾಗಿ ಮೂರು ಸಾಲುಗಳಲ್ಲಿ ಒಂಬತ್ತರಂತೆ 27 ಸುರುಳಿಗಳನ್ನು ಯೋಜಿಸಲಾಗಿದೆ. ಅವು ಪಾತ್ರೆಯ ಒಳಗೇ, ನ್ಯೂಟ್ರಾನುಗಳ ಹೊಡೆತಕ್ಕೆ ಸಿಕ್ಕಿ ದುಡಿಯಬೇಕು. ಒಮ್ಮೆ ಕೂರಿಸಿದ ಮೇಲೆ ಬದಲಿಸುವುದು ಸುಲಭವಲ್ಲ.