ನಮ್ಮ ಸ್ಟೋರ್‌ರೂಮಿನ ಎಫ್‌ಸಿಐ ಗೋದಾಮು

ಈ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಸಂಪಾದಕರು ಮೂರು ಮೇಲ್ ಕಳಿಸಿದ ಮೇಲೆ, ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುವ ಕಥೆಯೊಂದನ್ನು ಬರೆಯಲು ಕೂತಿದ್ದೇನೆ.

2023ರ ಜುಲೈ 20 ನಿಮಗೂ ನೆನಪಿರಬಹುದು. ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ಭಾರತ ಸರ್ಕಾರ ಅವತ್ತು ನಿಲ್ಲಿಸಿತು. ಅಮೆರಿಕದ ಇಂಡಿಯನ್ ಸ್ಟೋರುಗಳಲ್ಲಿ ನಮ್ಮವರು ಸೋನಾ ಮಸೂರಿ ಮೂಟೆಗಳಿಗೆ ಮುಗಿಬಿದ್ದ ವಿಡಿಯೋಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ಎಂಟು ದಿನಕ್ಕೆ ಯುಎಇ ಕೂಡ ನಾಲ್ಕು ತಿಂಗಳ ಮಟ್ಟಿಗೆ ಅಕ್ಕಿಯ ರಫ್ತು, ಮರುರಫ್ತು ಎರಡನ್ನೂ ತಡೆಯಿತು. ಅಕ್ಕಿ ಈ ದೇಶದಲ್ಲೇ ಉಳಿಯಲಿ ಎಂದು ಮಾಡಿದ ಕ್ರಮ ಅದು. ಆದರೆ 'ಅಕ್ಕಿ', 'ನಿಷೇಧ' ಎಂಬ ಎರಡು ಪದ ಒಟ್ಟಿಗೆ ಕಂಡ ಕೂಡಲೇ ನನ್ನ ಇಂಜಿನಿಯರಿಂಗ್ ಬುದ್ಧಿ ಕೆಲಸ ನಿಲ್ಲಿಸಿತು. ಹೆಂಡತಿ ಮಕ್ಕಳು ಶಾಲೆ ರಜೆಗೆ ಆಗಲೇ ಊರು ಸೇರಿದ್ದರು, ತಡೆಯುವವರು ಯಾರೂ ಇರಲಿಲ್ಲ. ಮಿರ್ದಿಫ್‌ನ ನಮ್ಮ ಮನೆಯ ಸ್ಟೋರ್‌ರೂಮಿಗೆ 20 ಕೆಜಿಯ ಐದು ಮೂಟೆ ಸೋನಾ ಮಸೂರಿ ತಂದು ಪೇರಿಸಿದೆ. (ಕುಚ್ಚಲಕ್ಕಿ ನಿಷೇಧದಲ್ಲಿ ಇರಲಿಲ್ಲ. ಮಂಗಳೂರಿನ ಗೆಳೆಯರು ನನ್ನನ್ನು ನೋಡಿ ನಗುತ್ತಿದ್ದರು.) ಒಂದು ವಾರ ಬಿಟ್ಟು ನಾನೂ ವಿಮಾನ ಹತ್ತಿದೆ.

ಆಗಸ್ಟ್ ಕೊನೆಗೆ ವಾಪಸು ಬಂದು ಸ್ಟೋರ್‌ರೂಮಿನ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಮಹಡಿಯಲ್ಲಿ ಮನೆ ಬೂಷ್ಟು ಹಿಡಿಯದಿರಲಿ ಎಂದು ಒಂದು ಎಸಿ ಬಿಟ್ಟು ಹೋಗಿದ್ದೆ. ಅದರ ನೀರಿನ ಪೈಪು ಕಟ್ಟಿಕೊಂಡು ಗೋಡೆಯಗುಂಟ ಇಳಿದು, ಗೋಡೆಗೆ ಒರಗಿಸಿ ನೆಲದ ಮೇಲಿಟ್ಟಿದ್ದ ಎರಡು ಮೂಟೆ ಗಟ್ಟಿಯಾಗಿ ಹಸಿರು ತಿರುಗಿದ್ದವು. ಉಳಿದ ಮೂರರಲ್ಲಿ ಕೆಂಪು ಹುಳುಗಳ ಜಾತ್ರೆ. ಬಿಸಿ ಇದ್ದಷ್ಟೂ ಇವು ಬೇಗ ಬೆಳೆಯುತ್ತವೆ, ಮೊಟ್ಟೆ ಹುಳುವಾಗಲು ಒಂದು ತಿಂಗಳೂ ಬೇಕಿಲ್ಲ. ನನ್ನಾಕೆ ಬಾಗಿಲಲ್ಲಿ ನಿಂತು ನೋಡಿ, "ಏನ್ರೀ ಇದು, ಎಫ್‌ಸಿಐ ಗೋಡೌನ್ ಮಾಡಿಟ್ಟಿದೀರಲ್ಲ!" ಎಂದಳು.

ಆ ಮಾತು ಚುಚ್ಚಿತು. ಯಾಕೆಂದರೆ ಎಫ್‌ಸಿಐಯನ್ನು ಬೈಯುವುದರಲ್ಲಿ ನಾನೇ ಮುಂದು. 2010ರಲ್ಲಿ ಪಂಜಾಬ್, ಹರಿಯಾಣದ ಬಯಲುಗಳಲ್ಲಿ ಗೋಧಿ ಮೂಟೆಗಳು ಮಳೆಯಲ್ಲಿ ನೆನೆದು ಮೊಳಕೆ ಬಂದ ಫೋಟೋಗಳನ್ನು ನೋಡಿ ಕಾಲೇಜಿನ ಕ್ಯಾಂಟೀನಿನಲ್ಲಿ ಭಾಷಣ ಹೊಡೆದವನು ನಾನು. ಕಟ್ಟಡದೊಳಗೆ ಜಾಗ ಸಾಲದ್ದಕ್ಕೆ ಎತ್ತರದ ಕಟ್ಟೆಯ ಮೇಲೆ ಮೂಟೆ ಪೇರಿಸಿ ಪ್ಲಾಸ್ಟಿಕ್ ಹೊದಿಸುವ ವ್ಯವಸ್ಥೆ ಅದು, 'ಕ್ಯಾಪ್' ಎನ್ನುತ್ತಾರೆ. ಕೆಲವು ತಿಂಗಳಿಗೆಂದು ಮಾಡಿದ್ದು ವರ್ಷಗಟ್ಟಲೆ ಮುಂದುವರಿದರೆ ಹೊದಿಕೆ ಹರಿಯುತ್ತದೆ, ನೀರು ಇಳಿಯುತ್ತದೆ.

ಆ ವರ್ಷ ಜುಲೈನಲ್ಲಿ ಲೋಕಸಭೆಗೆ ಸರ್ಕಾರ ಕೊಟ್ಟ ಲೆಕ್ಕದ ಪ್ರಕಾರ ಗೋದಾಮುಗಳಲ್ಲಿ ಹಾಳಾದದ್ದು ಸುಮಾರು 11,700 ಟನ್. ಇಡೀ ದಾಸ್ತಾನಿನ ಲೆಕ್ಕದಲ್ಲಿ ಇದು ತೀರ ಸಣ್ಣ ಪಾಲು ಎಂಬ ಸಮಜಾಯಿಷಿ ಸುಳ್ಳಲ್ಲ. ಆದರೆ ಇದನ್ನು ಕೆಜಿಗೆ ತಿರುಗಿಸಿ ನೋಡಿ. 1 ಕೋಟಿ 17 ಲಕ್ಷ ಕೆಜಿ. ಒಂದು ಬಡ ಕುಟುಂಬಕ್ಕೆ ತಿಂಗಳಿಗೆ 35 ಕೆಜಿಯಂತೆ ಕೊಟ್ಟಿದ್ದರೆ ಹತ್ತಿರ ಹತ್ತಿರ 28 ಸಾವಿರ ಕುಟುಂಬಗಳಿಗೆ ಇಡೀ ವರ್ಷದ ರೇಷನ್.

ಹಸಿದವರಿರುವ ದೇಶದಲ್ಲಿ ಒಂದು ಕಾಳು ಹಾಳಾದರೂ ಅಪರಾಧ ಎಂದು ಸುಪ್ರೀಂ ಕೋರ್ಟ್ ಆಗ ಸಿಟ್ಟಿನಿಂದ ಹೇಳಿತು. ಕೊಳೆಯಲು ಬಿಡುವ ಬದಲು ಬಡವರಿಗೆ ಕಡಿಮೆ ಬೆಲೆಗೆ ಇಲ್ಲವೇ ಪುಕ್ಕಟೆ ಹಂಚಿ ಎಂದು ಆಗಸ್ಟ್‌ನಲ್ಲಿ ಸೂಚಿಸಿತು. ಕೃಷಿ ಸಚಿವ ಶರದ್ ಪವಾರ್ ಅದನ್ನು ಸಲಹೆ ಎಂಬಂತೆ ತೇಲಿಸಿದಾಗ, ನ್ಯಾಯಮೂರ್ತಿ ದಲ್ವೀರ್ ಭಂಡಾರಿ ಅವರ ಪೀಠ ಆಗಸ್ಟ್ 31ರಂದು, ಅದು ಸಲಹೆಯಲ್ಲ, ಆದೇಶ ಎಂದು ಸ್ಪಷ್ಟಪಡಿಸಿತು. ಪುಕ್ಕಟೆ ಕೊಟ್ಟರೆ ರೈತನಿಗೆ ಬೆಳೆಯುವ ಉತ್ಸಾಹವೇ ಉಳಿಯುವುದಿಲ್ಲ, ನೀತಿಯ ವಿಷಯಕ್ಕೆ ಕೋರ್ಟು ಬರಬಾರದು ಎಂದು ಪ್ರಧಾನಿ ಮನಮೋಹನ್ ಸಿಂಗ್ ಸೆಪ್ಟೆಂಬರ್‌ನಲ್ಲಿ ಹೇಳಿದರು. ಇದರ ಮೂಲ, ರಾಜಸ್ಥಾನದ ಬರಗಾಲದಲ್ಲಿ ಪಿಯುಸಿಎಲ್ 2001ರಲ್ಲಿ ಹಾಕಿದ್ದ ಅರ್ಜಿ. ಅದೇ ಅರ್ಜಿಯ ಮೇಲೆ 2001ರ ನವೆಂಬರ್ 28ರಂದು, ಸರ್ಕಾರಿ ಶಾಲೆಗಳಲ್ಲಿ ಬೇಯಿಸಿದ ಬಿಸಿಯೂಟ ಕೊಡಿ ಎಂಬ ಆದೇಶ ಬಂದಿತ್ತು. ನಮ್ಮಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಅಕ್ಷರ ದಾಸೋಹ ಶುರುವಾದದ್ದು ಅದರ ನಂತರವೇ.

ಇನ್ನೊಂದು ತಮಾಷೆ ನೋಡಿ. ನಾನು ಇಲ್ಲಿ ಮೂಟೆ ಪೇರಿಸುತ್ತಿದ್ದ ಅದೇ ಜುಲೈನಲ್ಲಿ ಕರ್ನಾಟಕ ಸರ್ಕಾರ ಅಕ್ಕಿ ಹುಡುಕುತ್ತಿತ್ತು. ಅನ್ನಭಾಗ್ಯದಲ್ಲಿ ತಲೆಗೆ 5 ಕೆಜಿ ಹೆಚ್ಚು ಕೊಡುತ್ತೇವೆ ಎಂದು ಮಾತು ಕೊಟ್ಟಾಗಿತ್ತು. ರಾಜ್ಯಗಳಿಗೆ ಎಫ್‌ಸಿಐ ಅಕ್ಕಿ ಮಾರುವುದನ್ನು ಕೇಂದ್ರ ಜೂನ್ 13ರಂದು ನಿಲ್ಲಿಸಿತು. ಬೆಲೆ ಏರಿಕೆ, ಮಳೆಯ ಭಯ ಎಂಬ ಕಾರಣ ಅವರದು. ಜುಲೈ 1ಕ್ಕೆ ಕಾಪು ದಾಸ್ತಾನಾಗಿ ಇರಬೇಕಾದ ಅಕ್ಕಿ 135 ಲಕ್ಷ ಟನ್, ಇದ್ದದ್ದು ಅದಕ್ಕಿಂತ ಬಹಳ ಹೆಚ್ಚು. ಕೊನೆಗೆ ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. ಅಕ್ಕಿಯನ್ನೇ ಕೊಡಲು 2025ರ ಫೆಬ್ರುವರಿ ಬರಬೇಕಾಯಿತು. ಯಾರು ಸರಿ ಯಾರು ತಪ್ಪು ಎಂಬ ಜಗಳ ನಮ್ಮ ಪಿಕ್ನಿಕ್‌ಗಳಲ್ಲಿ ಸಾಕಷ್ಟು ಆಗಿದೆ, ಇಲ್ಲಿ ಬೇಡ.

ಹುಳುವಿನ ವಿಷಯ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ನಮ್ಮದು ತುಮಕೂರು ಕಡೆಯ ರಾಗಿ ಸೀಮೆ. ಅಮ್ಮ ನಕ್ಕು, "ನಿಮ್ಮ ತಾತ ಹಗೇವಲ್ಲಿ ರಾಗಿ ಹಾಕಿದ್ರೆ ವರ್ಷಗಟ್ಟಲೆ ಒಂದು ಹುಳ ಬೀಳ್ತಿರಲಿಲ್ಲ ಕಣೋ" ಎಂದರು. ಹಗೇವು ನೋಡದ ಮಕ್ಕಳಿಗಾಗಿ ಹೇಳುತ್ತೇನೆ. ಗಟ್ಟಿ ನೆಲದಲ್ಲಿ ತೋಡಿದ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿರುವ ಗುಂಡಿ. ಒಳಗೆ ಹುಲ್ಲು ಹಾಸಿ, ಚೆನ್ನಾಗಿ ಒಣಗಿದ ರಾಗಿ ಸುರಿದು, ಬಾಯಿಗೆ ಕಲ್ಲು ಚಪ್ಪಡಿ ಮುಚ್ಚಿ ಮಣ್ಣು ಮೆತ್ತುವುದು. ಧಾನ್ಯವೂ ಉಸಿರಾಡುತ್ತದೆ. ಮುಚ್ಚಿದ ಜಾಗದಲ್ಲಿ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡರೆ ಹುಳು ಬದುಕುವುದಿಲ್ಲ. ಮನುಷ್ಯನೂ ಬದುಕುವುದಿಲ್ಲ. ಅದಕ್ಕೇ ತೆಗೆಯುವ ದಿನ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಹಗ್ಗದಲ್ಲಿ ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದದ್ದು. ಅವಸರ ಮಾಡಿ ಸತ್ತವರೂ ಉಂಟು. ಇವತ್ತು ಗಾಳಿಯಾಡದ ಚೀಲಗಳೆಂದು ಮಾರುವುದೂ ಇದೇ ತಂತ್ರ. ನಮ್ಮ ಹಗೇವಿನ ಮೇಲೆ ಈಗ ಚಿಕ್ಕಪ್ಪನ ಕಾರು ನಿಲ್ಲುತ್ತದೆ.

ನಾನು ಮಾಡಿದ ತಪ್ಪುಗಳು ಎಫ್‌ಸಿಐ ಗೋದಾಮಿನ ಯಾವ ಗುಮಾಸ್ತನೂ ಮಾಡಬಾರದ ಮೊದಲ ತರಗತಿಯ ತಪ್ಪುಗಳು. ಮೂಟೆ ನೆಲಕ್ಕೆ ತಾಗಬಾರದು, ಕೆಳಗೆ ಮರದ ಹಲಗೆ ಬೇಕು, ಗೋಡೆಗೆ ಒರಗಬಾರದು, ಮೊದಲು ಬಂದದ್ದು ಮೊದಲು ಹೋಗಬೇಕು. ಈಗ ಮನೆಯಲ್ಲಿ 5 ಕೆಜಿಗಿಂತ ಹೆಚ್ಚು ತರುವಂತಿಲ್ಲ ಎಂದು ನನ್ನಾಕೆಯ ಆದೇಶ. ಸಲಹೆಯಲ್ಲ, ಆದೇಶ.

ಬೂಷ್ಟು ಹಿಡಿದ ಎರಡು ಮೂಟೆಯನ್ನು ಕಸಕ್ಕೆ ಹಾಕಲೇಬೇಕಾಯಿತು, ಅದು ವಿಷ. ಹುಳು ಬಿದ್ದ ಮೂರನ್ನೂ ಅದರ ಹಿಂದೆಯೇ ಕಳಿಸಲು ಬೀದಿಯ ಡಬ್ಬದ ಹತ್ತಿರ ಎಳೆದುಕೊಂಡು ಹೋಗುತ್ತಿದ್ದೆ. ನಮ್ಮ ಕಾಂಪೌಂಡಿನ ಗಿಡ ನೋಡಿಕೊಳ್ಳುವವರು ಕರೀಂನಗರದ ಕಡೆಯವರು, ಐವತ್ತು ದಾಟಿದವರು. ಪೈಪು ಕೆಳಗಿಟ್ಟು ಓಡಿ ಬಂದರು. ಮೂಟೆಯೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ಮೂಸಿದರು.

"ಇದಕ್ಕೇನಾಗಿದೆ ಸಾರ್?" ಎಂದು ಹಿಂದಿಯಲ್ಲಿ ಕೇಳಿದರು. ಹುಳು ಎಂದೆ. "ಹುಳು ಹೋಗುತ್ತೆ" ಎಂದರು.

ಸುಮ್ಮನೆ ಹಾಗೇ ಕೊಟ್ಟು ಕಳಿಸಲು ಮನಸ್ಸು ಬರಲಿಲ್ಲ. ಶುಕ್ರವಾರ ಸಂಜೆ ನನ್ನಾಕೆಯೇ ಮೊರ ತಂದಳು. ಶನಿವಾರ ಬೆಳಿಗ್ಗೆ ಟೆರೇಸಿನಲ್ಲಿ ಹಳೇ ಬೆಡ್‌ಶೀಟ್ ಹಾಸಿ, ದುಬೈ ಬಿಸಿಲಿಗೂ ಒಂದು ಉಪಯೋಗವಿದೆ ಎಂದುಕೊಂಡು ಮೂರೂ ಮೂಟೆ ಹರಡಿದೆವು. ಅವರು ಕೇರುತ್ತಾ ಊರಿನ ಕಥೆ ಹೇಳಿದರು. ಅಲ್ಲಿ ಹೆಂಡತಿ ರೇಷನ್ ಅಕ್ಕಿ ತರುವುದು, ಅದರಲ್ಲಿ ಹುಳು ಸಿಕ್ಕರೆ ಅಂಗಡಿಯವನನ್ನು ಬೈದು, ಮನೆಗೆ ತಂದು ಆರಿಸಿ ಅಡುಗೆ ಮಾಡುವುದು. ಮಗಳಿಗೆ ಕೇರುವುದು ಗೊತ್ತಿಲ್ಲ ಎಂದು ನನ್ನಾಕೆ ಹೇಳಿದ್ದಕ್ಕೆ, ಅವಳ ಕೈಗೆ ಮೊರ ಕೊಟ್ಟು ತೋರಿಸಿಕೊಟ್ಟರು. ಅರ್ಧ ಅಕ್ಕಿ ಕೆಳಗೆ ಚೆಲ್ಲಿತು, ಅದನ್ನೂ ಗುಡಿಸಿ ತೆಗೆದರು.

ಎರಡು ಮೂಟೆ ಅವರ ರೂಮಿಗೆ ಹೋಯಿತು, ಒಂದು ನಮ್ಮಲ್ಲಿ ಉಳಿಯಿತು. ಮುಂದಿನ ವಾರ ಸಿಕ್ಕಾಗ ಹೇಗಿತ್ತು ಎಂದು ಕೇಳಿದೆ.

"ಒಳ್ಳೇ ಅಕ್ಕಿ ಸಾರ್, ಉದುರುದುರಾಗುತ್ತೆ. ನೀವು ಊಟ ಮಾಡಿದ್ರಾ?" ಎಂದರು. ನಾವು ಇನ್ನೂ ಆ ಮೂಟೆಯನ್ನು ಬಿಚ್ಚಿರಲಿಲ್ಲ. ಅವತ್ತು ರಾತ್ರಿ ಬಿಚ್ಚಿದೆವು.