ಹಗೆಯಲ್ಲ, ಗಂಧ

ಹಾವೊಂದನ್ನು ಕೊಂದ ಅಂಗಳಕ್ಕೆ ಮರುದಿನ ಇನ್ನೊಂದು ಹಾವು ಬಂದರೆ, ಜೊತೆಯನ್ನು ಕಳೆದುಕೊಂಡ ಜೀವ ಹಗೆ ತೀರಿಸಲು ಬಂದಿತೆಂಬ ನಂಬಿಕೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ತೋಟದ ಮನೆಗಳಲ್ಲಿ ಇಂದಿಗೂ ಅಳಿದಿಲ್ಲ. ಆದರೆ ಸತ್ತುದು ಬೆದೆಗೆ ಬಂದ ಹೆಣ್ಣಾಗಿದ್ದಲ್ಲಿ, ಅದು ಹರಿದ ನೆಲದ ಮೇಲೆ ಉಳಿದ ಮೈಗಂಧವೇ ಗಂಡನ್ನು ಅಲ್ಲಿಗೆ ಎಳೆದು ತರಲು ಸಾಕು.

ಹಾವಿನ ಸೀಳುನಾಲಗೆ ನೆಲದಿಂದಲೂ ಗಾಳಿಯಿಂದಲೂ ಗಂಧಕಣಗಳನ್ನು ಸಂಗ್ರಹಿಸಿ ಬಾಯೊಳಕ್ಕೆ ತರುತ್ತದೆ. ಅವನ್ನು ಗ್ರಹಿಸುವುದು ಅಂಗುಳದ ಮೇಲಿರುವ, ಡೆನ್ಮಾರ್ಕಿನ ವೈದ್ಯ ಯಾಕೊಬ್ಸನ್ನನ ಹೆಸರು ಹೊತ್ತ ಇಂದ್ರಿಯ. ಬಲತುದಿಗೆ ಗಂಧ ಗಾಢವಾಗಿ ತಗುಲಿದರೆ ಹಾವು ಬಲಕ್ಕೆ ಹೊರಳುವುದು. ಇದು ಕಲಿತು ಬಂದ ವಿದ್ಯೆಯಲ್ಲ. 1960ರ ದಶಕದಲ್ಲಿ ಅಮೆರಿಕದ ಗಾರ್ಡನ್ ಬರ್ಗಾರ್ಟ್ ಎಂಬ ವಿದ್ವಾಂಸರು ಎರೆಹುಳುವಿನ ಸಾರದಲ್ಲಿ ಅದ್ದಿದ ಹತ್ತಿಯನ್ನು ಒಡ್ಡಿದಾಗ, ಹುಟ್ಟಿದಾರಭ್ಯ ಒಂದು ತುತ್ತನ್ನೂ ಕಾಣದ ಗಾರ್ಟರ್ ಹಾವಿನ ಮರಿಗಳು ಮೇಲಿಂದ ಮೇಲೆ ನಾಲಗೆಯಾಡಿಸಿ ಅದರ ಮೇಲೆರಗಿದುವು.

ಹಾವುಗಳನ್ನೇ ಉಣ್ಣುವ ಕಾಳಿಂಗಸರ್ಪದಲ್ಲಂತೂ ಈ ಗಂಧನಿಷ್ಠೆ ಅತಿ ಪ್ರಬಲ. ಮೃಗಾಲಯದಲ್ಲಿ ಸತ್ತ ಇಲಿಯನ್ನು ಕಣ್ಣೆತ್ತಿಯೂ ನೋಡದ ಕಾಳಿಂಗ, ಅದೇ ಇಲಿಗೆ ಹಾವಿನ ವಾಸನೆ ಹತ್ತಿಸಿ ಕೊಟ್ಟಾಗ ನುಂಗುವುದುಂಟು. ಕಾಡಿನ ಅಂಚಿನಲ್ಲಿ ಅದು ಸೌದೆಯ ರಾಶಿಯೊಳಗೆ ಹೊಕ್ಕಿತೆಂದರೆ, ಬಹುಮಟ್ಟಿಗೆ ಅದರ ಮುಂದೆ ಒಂದು ಕೇರೆ ಹೋಗಿರುತ್ತದೆ, ಕೇರೆಯ ಮುಂದೆ ನಮ್ಮ ಇಲಿ.

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಉರಗತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರವು, 2024ರಲ್ಲಿ ಕನ್ನಡದ ಹೆಸರಿನಿಂದಲೇ ಪ್ರತ್ಯೇಕ ಪ್ರಭೇದವೆಂದು ಗುರುತಿಸಲ್ಪಟ್ಟ ಪಶ್ಚಿಮಘಟ್ಟದ ಈ ಕಾಳಿಂಗಗಳ ಮೈಯಲ್ಲಿ ಪುಟ್ಟ ರೇಡಿಯೋ ಯಂತ್ರವನ್ನಿರಿಸಿ, ಅವುಗಳ ಹಿಂದೆ ಹಳ್ಳ, ತೋಟ, ಸೊಪ್ಪಿನಬೆಟ್ಟಗಳನ್ನು ಅಲೆದಿದೆ. ಬೇಸಗೆಯಲ್ಲಿ ಹೆಣ್ಣಿನ ಗಂಧದ ಜಾಡು ಹಿಡಿದ ಗಂಡುಗಳು ಒಂದೆಡೆ ಸಂಧಿಸಿದುವೆಂದರೆ, ಆಳೆತ್ತರಕ್ಕೆ ಹೆಡೆಯೆತ್ತಿ, ಮೈಗೆ ಮೈ ಹೆಣೆದು, ಎದುರಾಳಿಯ ತಲೆಯನ್ನು ನೆಲಕ್ಕೊತ್ತಲು ಹೊತ್ತುಗಟ್ಟಲೆ ಸೆಣಸುತ್ತವೆ, ಕಚ್ಚುವುದು ಅಪರೂಪ. ಅಂಥ ಹೊತ್ತಿನಲ್ಲಿ ಹತ್ತಿರವೇ ಹೆಣ್ಣೊಂದು ಇದ್ದೀತೆಂದು ತಿಳಿದು, ಮಕ್ಕಳನ್ನೂ ನಾಯಿಯನ್ನೂ ಒಳಗೆ ಕರೆದುಕೊಂಡು, ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಿ ದೂರ ನಿಲ್ಲುವುದೇ ವಿಹಿತ. ಹಿಡಿಯಲೇಬೇಕಾಗಿ ಬಂದರೂ, ಆ ಹಾವನ್ನು ಅದರ ನಾಲಗೆ ಬಲ್ಲ ಸಮೀಪದ ಕಾಡಿನಲ್ಲಿಯೇ ಬಿಡಬೇಕು. ಪರಿಚಿತ ಗಂಧವೊಂದೂ ಇಲ್ಲದ ದೂರದ ಅರಣ್ಯಕ್ಕೆ ಒಯ್ದರೆ, ಬೇಟೆಯ ದಾರಿಯನ್ನೂ ಅಡಗುವ ಬಿಲವನ್ನೂ ಅದು ಹೊಸದಾಗಿ ಹುಡುಕಿಕೊಳ್ಳಬೇಕಾಗುತ್ತದೆ.